ಮೋತಿಯ ಸರಪಳಿ

ಗುಡವಿ, ಸೊರಬ ತಾಲ್ಲೂಕು
೨೮-೧೦-೧೯೯೬

ಅಣ್ಣನಿಗೆ ಮಾಲಾಳ ನಮಸ್ಕಾರ.

ನಿನ್ನ ಕಾಗದ ಬಂತು. ಶಿಕಾರಿಪುರದಲ್ಲಿ ಎಲ್ಲರೂ ಆರೋಗ್ಯವೆಂದು ತಿಳಿದು ಸಂತೋಷವಾಯಿತು. ನಿಮ್ಮ ಅಡುಗೆಮನೆಗೆ ನುಗ್ಗಿ ಕದಿಯುತ್ತದೆಂದು ನೀನು ಸರಪಳಿ ಸಮೇತ ನಮ್ಮಲ್ಲಿ ತಂದು ಬಿಟ್ಟೆಯಲ್ಲ, ಆ ನಾಯಿಯನ್ನು ಹೊಡೆದು ಹದಕ್ಕೆ ತಂದೆಯಾ ಎಂದು ಕೇಳಿದ್ದೀಯ. ಅದಕ್ಕೀಗ ಮೋತಿ ಎಂದು ಹೆಸರು. ನಾನು ಹೊಡೆದಿಲ್ಲ. ನಾನು ಉಣ್ಣುವ ಮೊದಲು ಅದಕ್ಕೆ ಹಾಕುತ್ತೇನೆ, ತಲೆ ಸವರುತ್ತೇನೆ, ಅಷ್ಟೇ.

ಮೊನ್ನೆ ಭೂಮಿ ಹುಣ್ಣಿಮೆಯ ದಿನ ಕಡುಬಿನ ಬುಟ್ಟಿಯನ್ನು ಗದ್ದೆಯ ಬದುವಿನ ಮೇಲಿಟ್ಟು, ಪೈರಿಗೆ ಚರಗದ ಅನ್ನ ಬೀರುತ್ತಾ ಆ ತುದಿಗೆ ಹೋಗಿಬಿಟ್ಟೆವು. ನಾಯಿ ಜೊತೆಗೆ ಬಂದದ್ದು ನೆನಪಾಗಿ ಅತ್ತೆ ತುಂಗಮ್ಮ ಹಣೆ ಚಚ್ಚಿಕೊಂಡರು: "ಆತು ಬಿಡು, ಕಡುಬೆಲ್ಲ ಅದ್ರ ಹೊಟ್ಟೆಗೇ ಹೋತು!"

ಓಡಿ ಬಂದು ನೋಡಿದರೆ, ಮೋತಿ ಬುಟ್ಟಿಗೆ ಬೆನ್ನು ಹಾಕಿ ಕೂತು ಕಾಗೆಗಳನ್ನು ಓಡಿಸುತ್ತಿತ್ತು. ಒಂದು ಕಡುಬನ್ನೂ ಮುಟ್ಟಿರಲಿಲ್ಲ. ನಾಯಿಯೆಂದರೆ ಮೂಗು ಮುರಿಯುತ್ತಿದ್ದ ಅತ್ತೆಯೇ, "ಮೊದ್ಲು ಅದಕ್ಕೊಂದು ಎಲೆ ಹಾಕೇ, ನಾವು ಆಮೇಲೆ ಉಂಡ್ರಾತು" ಎಂದರು. ಆಗ ನನ್ನ ಮುಖವನ್ನು ನೀನು ನೋಡಬೇಕಿತ್ತು.

ಹೊಸ ಮರಿ ತಂದಿದ್ದೀಯಂತೆ. ಅದನ್ನು ಕಟ್ಟಲು ಆ ಹಳೇ ಸರಪಳಿ ಕಳಿಸು ಎಂದಿದ್ದೀಯ. ಕಳಿಸಲು ಆಗುವುದಿಲ್ಲ. ಅದರಲ್ಲಿ ಈಗ ನನ್ನ ಮಗಳ ತೊಟ್ಟಿಲು ತೂಗುತ್ತಿದೆ. ಮೋತಿ ಅದರ ಕೆಳಗೇ ಮಲಗುತ್ತದೆ.

ಮರಿಗೆ ಮೊದಲು ಒಂದು ಹೆಸರಿಡು.

ನಿನ್ನ ತಂಗಿ,
ಮಾಲಾ