ಒಂದೇ ಕೈಯ ಎರಡು ಬೆಲ್ಲ

ಸಜ್ಜೆಹಟ್ಟಿ,
ಬಿಸಿಲ್ದಿಂಗಳು ಹತ್ತೊಂಬತ್ತು, ೨೨೧೭

ಹಿಂದಿನ ಕಾಲದ ಹಿರಿಯರಿಗೆ,

ಈ ತಿಂಗಳ ಹೆಸರು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಹುಡುಕಬೇಡಿ. ಇದು ನಮ್ಮ ಹದಿಮೂರನೆಯ ತಿಂಗಳು. ಉಳಿದ ಹನ್ನೆರಡೂ ಒಂದೆರಡು ದಿನ ಬಿಟ್ಟುಕೊಟ್ಟು ಇದನ್ನು ಮಾಡಿವೆ. ಈ ತಿಂಗಳಲ್ಲಿ ಹೊತ್ತು ಹುಟ್ಟಿದ ಮೇಲೆ ಮುಳುಗುವ ತನಕ ಯಾರೂ ಬಯಲಿಗೆ ಕಾಲಿಡುವುದಿಲ್ಲ. ಹಾಗಾಗಿ ಪತ್ರ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದು. ನಾನು ಓದಿದ್ದು ಹುಬ್ಬಳ್ಳಿಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ಹೌದು, ಅದು ಈಗಲೂ ಇದೆ! ನಿಮ್ಮಿಂದ ನಮಗೆ ಬಂದವುಗಳಲ್ಲಿ ಒಂಚೂರೂ ಸವೆಯದೆ ಉಳಿದಿರುವುದು ಅದೊಂದೇ ಇರಬೇಕು.

ನನ್ನ ಹೆಸರು ಮೇದಿನಿ. ಮದುವೆಯಾಗಿ ಇನ್ನೂ ಒಂದು ಮಳೆಗಾಲ ಕಳೆದಿಲ್ಲ. ಗಂಡನ ಹೆಸರು ತಿಪ್ಪೇಶ. ಅವನ ಬಗ್ಗೆ ಬರೆಯಲು ಹೊರಟರೆ ಈ ಪತ್ರ ಮುಗಿಯುವುದೇ ಇಲ್ಲ. ಬಿದ್ದ ಸೌರಫಲಕಗಳನ್ನು ಎತ್ತಿ ನಿಲ್ಲಿಸುವುದು ಅವನ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬಿನವರೆಗೂ ಧೂಳು ಮೆತ್ತಿರುತ್ತದೆ. ಆ ಧೂಳಿನ ನಡುವೆ ಅವನು ನಗುವುದನ್ನು ನೀವು ನೋಡಬೇಕಿತ್ತು! ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಕರೆಂಟಿಗಾಗಿ ಈ ಸೀಮೆಯ ತುಂಬ ಫಲಕ ನಿಲ್ಲಿಸಿದರಂತೆ. ಅವುಗಳಲ್ಲಿ ಹೆಚ್ಚಿನವು ಸತ್ತು ಎಷ್ಟೋ ಕಾಲವಾಯಿತು. ಆದರೂ ಅವುಗಳ ಕೆಳಗಿನ ನೆರಳು ಸಾಯಲಿಲ್ಲ. ಆ ನೆರಳಿಗೆ ನಾವು ಹಲಗೆನೆರಳು ಅನ್ನುತ್ತೇವೆ. ನಮ್ಮ ಸಂತೆ, ಕೊಟ್ಟಿಗೆ, ಮದುವೆ ಎಲ್ಲವೂ ಅಲ್ಲೇ. ಶಾಲೆಗಳೂ ಅಲ್ಲೇ.

ಶಾಲೆಗಳ ವಿಷಯಕ್ಕೇ ಈ ಪತ್ರ. ನಮ್ಮ ತಾಲ್ಲೂಕಿನಲ್ಲಿ ಈಗ ಉಳಿದಿರುವ ಸರ್ಕಾರಿ ಶಾಲೆಗಳು ಎರಡು. ಒಂದು ನಮ್ಮ ಸಜ್ಜೆಹಟ್ಟಿಯದು, ಇನ್ನೊಂದು ಗುಡ್ಡದಾಚೆಯ ಬಿಳಿಗುಡ್ಡದ್ದು. ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದು ರಾಜಧಾನಿಯಿಂದ ಮಾತು ಬಂದಿದೆ. ಇಪ್ಪತ್ತು ಮಕ್ಕಳಿಲ್ಲದ ಶಾಲೆಯನ್ನು ಲೆಕ್ಕಕ್ಕೇ ಹಿಡಿಯುವ ಹಾಗಿಲ್ಲ ಎಂಬ ನಿಯಮ ಬೇರೆ. ಆ ಇಪ್ಪತ್ತು ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ಹಿರಿಯರು ನಿಮ್ಮ ಕಾಲದ ಕಡೆಗೆ ಕೈ ತೋರಿಸುತ್ತಾರೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ.

ಯಾವ ಶಾಲೆ ಮೇಲು ಎಂದು ಹೇಳಬೇಕಾದವಳು ಹೋಲಿಗಿತ್ತಿ. ಹೆರಿಗೆ ಮಾಡಿಸುವವಳು ಸೂಲಗಿತ್ತಿಯಾದರೆ ಹೋಲಿಸಿ ಹೇಳುವವಳು ಹೋಲಿಗಿತ್ತಿ. ಹೊರಗಿನಿಂದ ಈ ತಾಲ್ಲೂಕಿಗೆ ತೀರ ಈಚೆಗೆ ಮದುವೆಯಾಗಿ ಬಂದ ಹೆಣ್ಣೇ ಹೋಲಿಗಿತ್ತಿಯಾಗಬೇಕು. ಅವಳಿಗೆ ಇಲ್ಲಿ ತವರಿಲ್ಲ, ಅವಳು ಓದಿದ ಶಾಲೆ ಇಲ್ಲಿಲ್ಲ, ಅವಳ ಮಕ್ಕಳು ಇನ್ನೂ ಹುಟ್ಟಿಲ್ಲ. ಹಾಗಾಗಿ ಅವಳ ಕಣ್ಣು ಯಾವ ಕಡೆಗೂ ವಾಲುವುದಿಲ್ಲ ಎಂಬುದು ಲೆಕ್ಕಾಚಾರ. ಅವಳು ಹೆಸರು ಹೇಳುವ ತನಕ ಎರಡೂ ಶಾಲೆ ನಡೆಯುತ್ತವೆ. ಅಲ್ಲಿಯ ತನಕ ಅವಳೂ ಊರಿನವಳಲ್ಲ, ನೆಂಟಳು. ನೆಂಟಳಿಗೆ ಕೆರೆಯ ನೀರಿನಲ್ಲಿ ಪಾಲಿಲ್ಲ, ಸಭೆಯಲ್ಲಿ ಮಾತಿಲ್ಲ. ಅವಳಿಗೆ ಹುಟ್ಟುವ ಮಗುವಿಗೆ ಶಾಲೆಯಲ್ಲಿ ಜಾಗವಿಲ್ಲ. ಅತ್ತೆಯ ಒಲೆಯನ್ನು ಸಹ ಅವಳು ಮುಟ್ಟುವಂತಿಲ್ಲ. ಎಲ್ಲರಿಗಿಂತ ಮೊದಲು ಎಲೆ ಹಾಕಿ ಅವಳಿಗೇ ಬಡಿಸುತ್ತಾರೆ. ಮೊದಲ ವಾರ ನನಗೆ ಇದು ಎಷ್ಟು ಹಿಡಿಸಿತ್ತೆಂದರೆ, ಅಮ್ಮನಿಗೆ ಮೂರು ಸಲ ಕರೆ ಮಾಡಿ ಹೇಳಿಕೊಂಡಿದ್ದೆ!

ಬಿಳಿಗುಡ್ಡಕ್ಕೆ ಮೊದಲು ಹೋದೆ. ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ನೆಲದ ಮೇಲೆ ಕೂತು ಇಡೀ ದಿನ ಕಳೆಯಬೇಕೆಂಬುದು ಕ್ರಮ. ಹಲಗೆನೆರಳಿನ ತುಂಬ ಮಕ್ಕಳಿದ್ದರು. ಬಾಯಿಪಾಠ ಚೆನ್ನಾಗಿತ್ತು, ಮಧ್ಯಾಹ್ನದ ಸಜ್ಜೆರೊಟ್ಟಿ ಇನ್ನೂ ಚೆನ್ನಾಗಿತ್ತು. ಹೊರಡುವಾಗ ಹೊಸ ಮದುವಣಗಿತ್ತಿಯೆಂದು ನನ್ನ ಮಡಿಲು ತುಂಬಿದರು. ಅಕ್ಕಿ, ಕೊಬ್ಬರಿ, ರವಿಕೆ ಕಣ ಆದ ಮೇಲೆ, ಮುಂದಿನ ಎರಡು ಹಲ್ಲು ಬಿದ್ದಿದ್ದ ಪುಟ್ಟ ಹುಡುಗಿಯೊಬ್ಬಳು ಒಂದು ಬೆಲ್ಲದ ಅಚ್ಚು ಇಟ್ಟಳು. ಹೆಸರು ಕೇಳಿದೆ. ಹೊನ್ನೂರಿ ಅಂದಳು.

ಮಾರನೆಯ ದಿನ ನಮ್ಮೂರಿನ ಶಾಲೆ. ಇಲ್ಲಿಯೂ ಹಲಗೆನೆರಳು ತುಂಬಿತ್ತು. ಅಡುಗೆ ಮಾಡುವವರು ನನ್ನ ಅತ್ತೆ ಓಬಮ್ಮನವರೇ. ಅವರು ಅಂದು ಹೊಸ ಸೀರೆ ಉಟ್ಟಿದ್ದರು. ಸಂಜೆ ಮಡಿಲು ತುಂಬುವಾಗ ಸಾಲಿನಿಂದ ಒಂದು ಹುಡುಗಿ ಓಡಿ ಬಂದು ಬೆಲ್ಲವಿಟ್ಟು, ನನ್ನ ಮುಖ ನೋಡಿ ಬಾಯ್ತುಂಬ ನಕ್ಕಳು.

"ಅಕ್ಕಾ, ನಿನ್ನೆ ಕೊಟ್ಟಿದ್ದು ತಿಂದ್ಯಾ? ಇದು ಅದ್ಕಿಂತ ದೊಡ್ಡದು ನೋಡು!"

ಅದೇ ಬಿದ್ದ ಹಲ್ಲು. ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಅತ್ತೆ ಸೌಟು ಹಿಡಿದೇ ನುಗ್ಗಿ ಬಂದು, "ಅದುಕ್ಕೇನ್ ಗೊತ್ತವ್ವ, ಏನೋ ಕನಸು ಕಂಡೈತೆ, ನೀನ್ ಎದ್ದೇಳು" ಅಂದರು. ನಾನು ಏಳಲಿಲ್ಲ. ಮಕ್ಕಳ ಮುಖಗಳನ್ನು ಒಂದೊಂದಾಗಿ ನೋಡಿದೆ. ಅರ್ಧ ಜನರ ಜೊತೆ ಹಿಂದಿನ ದಿನ ರೊಟ್ಟಿ ತಿಂದಿದ್ದೆ.

ಮನೆಯಲ್ಲಿ ಅತ್ತೆ ಒಂದಿಷ್ಟೂ ಅಳುಕದೆ ಹೇಳಿದರು. "ಹೂ ಕಣವ್ವ, ಮಕ್ಳನ್ನ ಎರವಲು ಕೊಟ್ಕಂಡ್ವಿ. ಉಪ್ಪು, ಹಿಟ್ಟು ಕೊಟ್ಕಳಲ್ವಾ, ಅಂಗೇ." ಗುಡ್ಡದ ನೀರಿಗಾಗಿ ಮೂರು ತಲೆಮಾರು ಬಡಿದಾಡಿದ ಊರುಗಳಿವು. ಈಗಲೂ ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರುವುದಿಲ್ಲ. ಆದರೆ ಎರಡರಲ್ಲಿ ಯಾವುದಕ್ಕೂ ಸ್ವಂತದ ಇಪ್ಪತ್ತು ಮಕ್ಕಳಿಲ್ಲ. ಹಾಗಾಗಿ ಮಕ್ಕಳು ಬೆಳಕು ಹರಿಯುವ ಮುಂಚೆ ಗುಡ್ಡ ಹತ್ತಿದ್ದರು, ಹೊತ್ತು ಮುಳುಗಿದ ಮೇಲೆ ಇಳಿದಿದ್ದರು. ದಿನವೂ ಹಾಗೆ ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಅತ್ತೆ ಒಲೆಯ ಕಡೆ ತಿರುಗಿದರು. ತಿಪ್ಪೇಶನೇ ಹೇಳಿದ: "ದೊಡ್ಡವು ತಡ್ಕತ್ತವೆ. ಹೊನ್ನೂರಿಯಂತವು ತಡ್ಕಳಲ್ಲ."

ಈಗ ನನ್ನ ಕಷ್ಟ ನಿಮಗೆ ಅರ್ಥವಾಗಿರಬೇಕು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಎರಡು ಶಾಲೆಗೂ ಇಪ್ಪತ್ತು ಮಕ್ಕಳಿಲ್ಲ, ಎರಡೂ ಮುಚ್ಚುತ್ತವೆ. ಒಂದರ ಹೆಸರು ಹೇಳಿದರೆ ಇನ್ನೊಂದು ಊರಿನ ಚಿಕ್ಕ ಮಕ್ಕಳ ಓದು ಅಲ್ಲಿಗೇ ನಿಲ್ಲುತ್ತದೆ. ಹೋಲಿಸುವುದಾದರೂ ಯಾವುದನ್ನು ಯಾವುದಕ್ಕೆ? ಇಲ್ಲಿ ಗಣಿತ ಹೇಳಿದ ಹುಡುಗನೇ ಅಲ್ಲಿಯೂ ಹೇಳಿದ್ದ. ತಪ್ಪನ್ನು ಕೂಡ ಎರಡೂ ಕಡೆ ಒಂದೇ ಜಾಗದಲ್ಲಿ ಮಾಡಿದ್ದ.

ನಾನು ಹೆಸರು ಹೇಳಬೇಕಾದ ಸಭೆಯ ದಿನ ಹಿರಿಯರಾದ ದ್ಯಾಮಣ್ಣನವರು, "ಒಂದ್ ಹೆಸ್ರು ಹೇಳ್ಬಿಡು ತಾಯಿ, ಮುಗ್ದೋಗ್ಲಿ" ಅಂದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಎದ್ದು ನಿಂತು, ಇನ್ನೂ ನೋಡುವುದಿದೆ ಎಂದೆ. ಎಷ್ಟು ದಿನ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹೋಲಿಗಿತ್ತಿ ಎಷ್ಟು ದಿನದೊಳಗೆ ಹೇಳಬೇಕು ಎಂದು ನಿಯಮ ಮಾಡಿದವರಿಗೆ ಹೊಳೆದೇ ಇಲ್ಲ. ಹೇಳದೆ ಉಳಿಯುವ ಹೆಣ್ಣು ಇದ್ದಾಳು ಎಂದು ಅವರಿಗೆ ಅನ್ನಿಸಿರಲಿಲ್ಲ. ಇನ್ನೊಬ್ಬಳು ಸೊಸೆ ಹೊರಗಿನಿಂದ ಬಂದರೆ ಕೆಲಸ ಅವಳಿಗೆ ಹೋಗುತ್ತದೆ. ಆದರೆ ಈ ಬಿಸಿಲಿಗೆ ಯಾರು ಬರುತ್ತಾರೆ? ನಾನು ಬಂದದ್ದೇ ಒಬ್ಬನ ನಗುವಿಗೆ ಮರುಳಾಗಿ.

ಅಂದಿನಿಂದ ಅತ್ತೆ ನನಗೆ ಬಹುವಚನ ಹಚ್ಚಿದ್ದಾರೆ. "ಸೊಸೆ ಬಂದ್ಲು ಅನ್ಕಂಡಿದ್ದೆ. ನೆಂಟ್ರು ಬಂದವ್ರೆ. ಕುಂತ್ಕಳಿ, ಬಡಿಸ್ತೀನಿ" ಅನ್ನುತ್ತಾರೆ. ನಾನು ಕೂರುತ್ತೇನೆ. ಅವರು ಬಡಿಸುತ್ತಾರೆ. ಎಲ್ಲರಿಗಿಂತ ಮೊದಲು ಉಣ್ಣುವುದು ಇಷ್ಟು ಆಯಾಸದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ತಟ್ಟೆ ತೊಳೆಯಲು ಎದ್ದರೆ ಕೈಯಿಂದ ಕಿತ್ತುಕೊಳ್ಳುತ್ತಾರೆ. ತಿಪ್ಪೇಶ ತನ್ನ ಪಾಲಿನ ನೀರಿನಲ್ಲಿ ಅರ್ಧವನ್ನು ನನಗೆ ಸುರಿದು, ಧೂಳು ತನಗೆ ಒಪ್ಪುತ್ತದೆ ಎಂದು ತಮಾಷೆ ಮಾಡುತ್ತಾನೆ. ನಾನು ನಗುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ. ನಮಗೊಂದು ಮಗುವಾದರೆ ಅದು ಶಾಲೆಯ ಹೊರಗೆ ನಿಲ್ಲಬೇಕಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಆ ಮಾತನ್ನು ನಾವು ಇನ್ನೂ ಎತ್ತಿಲ್ಲ.

ನಿನ್ನೆ ಒಂದು ಸಣ್ಣ ಸಂಗತಿ ನಡೆಯಿತು. ಮಡಿಲಿನ ಅಕ್ಕಿ ಮುಗಿದಿದೆ, ಕೊಬ್ಬರಿಯೂ ಮುಗಿದಿದೆ, ಬೆಲ್ಲದ ಅಚ್ಚುಗಳೆರಡನ್ನು ಮಾತ್ರ ಹಾಗೇ ಇಟ್ಟಿದ್ದೇನೆ. ಅತ್ತೆ ಅವನ್ನು ನೋಡಿದರು. "ತಿನ್ನದಿದ್ರೆ ಇರುವೆ ತಿಂತಾವೆ" ಅಂದರು. ಬಹುವಚನ ಹಚ್ಚಲು ಆ ಮಾತಿನಲ್ಲಿ ಜಾಗವಿರಲಿಲ್ಲ, ಅಷ್ಟೇ. ಆದರೂ ಎರಡನ್ನೂ ತಾವೇ ಎತ್ತಿ, ಒಂದೇ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿ ಮಾಡಿ ಒಲೆಯ ಮೇಲಿನ ಗೂಡಿನಲ್ಲಿಟ್ಟರು.

ಹಿರಿಯರೇ, ನಿಮ್ಮಲ್ಲಿ ಯಾರಾದರೂ ಮೇಜಿನ ಮುಂದೆ ಕೂತು ಆ ಇಪ್ಪತ್ತನ್ನು ಬರೆಯುವವರಿದ್ದರೆ, ಪೆನ್ನು ಸ್ವಲ್ಪ ಕೆಳಗಿಡಿ. ಒಂದೇ ಹುಡುಗಿ, ಒಂದೇ ಕೈ, ಎರಡು ಬೆಲ್ಲ. ಯಾವುದು ಹೆಚ್ಚು ಸಿಹಿ ಎಂದು ನನ್ನನ್ನು ಇಲ್ಲಿ ದಿನವೂ ಕೇಳುತ್ತಿದ್ದಾರೆ. ನಾನು ತಿಂದಿಲ್ಲ. ತಿನ್ನುವುದಿಲ್ಲ.

ನಿಮ್ಮ ಮುಂದಿನವರ ಸೊಸೆ, ಸದ್ಯಕ್ಕೆ ನೆಂಟಳು,
ಮೇದಿನಿ