ಟ್ರ್ಯಾಕ್ಟರಿಗೆ ಕುಡಿಸಿದ ನೀರು

ಕೆಂಟ್,
ಫೆಬ್ರವರಿ ೨೦೧೯

ಪ್ರೀತಿಯ ಲಾಯ್ಡ್,

ನೀನು ಹೋದ ಮೇಲೆ ನಿನ್ನ ಟ್ರ್ಯಾಕ್ಟರಿಗೆ ಮೊದಲು ಕೈ ಹಾಕಿದವನು ನಾನು. ಬದುಕಿದ್ದಾಗ ಅದರ ಸೀಟಿನ ಮೇಲೆ ಕೂರಲೂ ಬಿಡದ ಆಸಾಮಿ ನೀನು. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ.

ಆಗಸ್ಟಿನಲ್ಲಿ ನಿನ್ನನ್ನು ಮಣ್ಣು ಮಾಡಿ ಬಂದಾಗಿನಿಂದ ನಿನ್ನ ಮಗಳು ಮೆಲಿಸ್ಸಾ ತಾಯಿಗೆ ಒಂದೇ ಮಾತು ಹೇಳುತ್ತಿದ್ದಳು. ನಾರ್ತ್ ಬೆಂಡಿನ ಗುಡ್ಡದ ಮನೆ ಮಾರಿ, ಟೋಟೆಮ್ ಲೇಕಿನಲ್ಲಿರುವ ತನ್ನ ಅಪಾರ್ಟ್‌ಮೆಂಟಿಗೆ ಬಂದಿರಬೇಕು ಎಂದು. ಶಾಲೆಟ್ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೊನೆಗೆ ತಾಯಿ ಮಗಳು ಒಂದು ಕರಾರಿಗೆ ಬಂದರು. ನಿಮ್ಮ ಏರುದಾರಿ ಖಾಸಗಿಯದು, ಸರಕಾರದ ಹಿಮ ತೆಗೆಯುವ ಲಾರಿ ಅಲ್ಲಿಗೆ ಬರುವುದಿಲ್ಲ. ಈ ಚಳಿಗಾಲದಲ್ಲಿ ಹಿಮ ಬಿದ್ದು ಒಮ್ಮೆ ಸಿಕ್ಕಿಬಿದ್ದರೂ ಶಾಲೆಟ್ ಮನೆ ಬಿಡಬೇಕು.

ಆಯುಧಪೂಜೆಯ ಮರುದಿನ ಶಾಲೆಟ್ ಫೋನ್ ಮಾಡಿದಳು. "ಪುರಂದರಣ್ಣ, ಟ್ರ್ಯಾಕ್ಟರನ್ನು ಹಿಮಕ್ಕೆ ರೆಡಿ ಮಾಡ್ಲಿಕ್ಕುಂಟು. ಬರ್ತೀರಾ?" ಅವಳು ಇಟ್ಟ ಮೇಲೆ ಮೆಲಿಸ್ಸಾಳ ಕಾಲ್. "ಅಂಕಲ್, ಜಸ್ಟ್ ಟೆಲ್ ಹರ್ ಇಟ್ಸ್ ಡೆಡ್. ಅಮ್ಮ ನಿಮ್ಮ ಮಾತು ನಂಬ್ತಾರೆ." ಹೋಗಿ ನೋಡುತ್ತೇನೆ ಎಂದೆ. ನಿಜ ಹೇಳುತ್ತೇನೆ, ಮನಸ್ಸಿನಲ್ಲಿ ನಾನು ಮಗಳ ಪಕ್ಷವೇ. ಒಂಟಿ ಹೆಂಗಸು, ಆ ಗುಡ್ಡ, ಆ ಚಳಿ. ನನಗೂ ಹೆದರಿಕೆ.

ಹೋಗಿ ಮುಂದಿನ ಬಕೆಟ್ ಬಿಚ್ಚಿ, ಹಿಮ ತಳ್ಳುವ ಬ್ಲೇಡ್ ಕೂರಿಸಿದೆ. ತುಕ್ಕು ಉಜ್ಜಿ, ಕೀಲುಗಳಿಗೆಲ್ಲ ಗ್ರೀಸ್ ತುಂಬಿದೆ. ದಾರಿಯ ಜಲ್ಲಿ ಕಿತ್ತು ಬರಬಾರದೆಂದು ಬ್ಲೇಡನ್ನು ನೆಲದಿಂದ ಒಂದಿಷ್ಟು ಮೇಲಕ್ಕಿಟ್ಟೆ. ಹಿಮದಲ್ಲಿ ಜಾರದ ಹಾಗೆ ಹಿಂದಿನ ಚಕ್ರಗಳಿಗೆ ಚೈನು ಬಿಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಶಾಲೆಟ್ ಚಹಾ ತಂದು ಕೊಟ್ಟು ಅಲ್ಲೇ ನಿಂತಳು.

ಕೊನೆಗೆ ರೇಡಿಯೇಟರಿನ ಮುಚ್ಚಳ ತೆಗೆದೆ. ಚಳಿಗೆ ಹೆಪ್ಪುಗಟ್ಟದ ಹಸಿರು ಕೂಲಂಟ್ ಇರಬೇಕಾದ ಕಡೆ ಬರೀ ನೀರು. ಊರಿನ ಸೆಕೆಗೆ ನೀರು ನಡೆಯುತ್ತದೆ. ಇಲ್ಲಿಯ ಚಳಿಗೆ ಅದು ಒಳಗೇ ಹೆಪ್ಪುಗಟ್ಟಿ, ಉಬ್ಬಿ, ಇಂಜಿನನ್ನೇ ಸೀಳಿಬಿಡುತ್ತದೆ. ಇದನ್ನು ನನಗೆ ಕಲಿಸಿದವನೇ ನೀನು. ನಾನು ಕೆಂಟಿನ ಕಾರ್ಖಾನೆಗೆ ಹೊಸದಾಗಿ ಸೇರಿದಾಗ, ಕಾರಿಗೆ ನೀರು ಹೊಯ್ಯಲು ಹೊರಟವನನ್ನು ಪಾರ್ಕಿಂಗ್‌ನಲ್ಲಿ ಎಲ್ಲರೆದುರು ಹಿಡಿದು, "ಎಂತ ಮಾರಾಯ, ಇದು ಪುತ್ತೂರಾ?" ಎಂದು ನನ್ನ ಮಾನ ಕಳೆದಿದ್ದೆ ನೀನು.

ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಹೆಪ್ಪುಗಟ್ಟುವ ಚಳಿ ಇನ್ನೂ ಬಂದಿರಲಿಲ್ಲ, ಇಂಜಿನ್ ಗಟ್ಟಿಯಾಗಿಯೇ ಇತ್ತು. ಆದರೂ ಒಡೆದುಹೋಗಿದೆ ಎಂದಿದ್ದರೆ ಅವಳು ನಂಬುತ್ತಿದ್ದಳು. ಮಾತು ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅವಳೇ ಹೇಳಿದಳು. ಜುಲೈಯ ಒಂದು ಬೆಳಿಗ್ಗೆ ನೀನು ಗಿಡಕ್ಕೆ ನೀರು ಬಿಡುವ ಪೈಪ್ ಎಳೆದು ತಂದು, ರೇಡಿಯೇಟರ್ ಖಾಲಿ ಮಾಡಿ, "ಘಾಟಿ ಹತ್ತುವ ಮೊದ್ಲು ಗಾಡಿಗೆ ನೀರು ಕುಡಿಸ್ಬೇಕು, ಅಪ್ಪ ಕಾಯ್ತಿದ್ದಾರೆ" ಅಂದೆಯಂತೆ. ನಿನ್ನ ಅಪ್ಪ ಬಸ್ ಡ್ರೈವರು. ರಜೆಯಲ್ಲಿ ಚಾರ್ಮಾಡಿಯ ಬುಡದಲ್ಲಿ ಬಸ್ಸಿಗೆ ನೀರು ಹೊಯ್ಯುವ ಕೆಲಸ ನಿನ್ನದಿತ್ತೆಂದು ನೂರು ಸಲ ಕೇಳಿದ್ದೇನೆ. ತಲೆಯೊಳಗಿನ ಗಡ್ಡೆ ನಿನ್ನನ್ನು ಆಗಲೇ ಅಲ್ಲಿಗೆ ಕರೆದುಕೊಂಡು ಹೋಗಿತ್ತು. "ನಾನು ತಡೀಲಿಲ್ಲ, ಪುರಂದರಣ್ಣ. ಅವರನ್ನು ಅಷ್ಟು ಖುಷಿಯಲ್ಲಿ ನೋಡದೆ ಎಷ್ಟೋ ಸಮಯ ಆಗಿತ್ತು" ಎಂದಳು ಶಾಲೆಟ್. ಆಮೇಲೆ ಮೆಲ್ಲಗೆ ಕೇಳಿದಳು. "ಹಾಳಾಯ್ತಾ?"

ಇಲ್ಲ ಎಂದೆ. ನೀನು ಖುಷಿಯಿಂದ ಹೊಯ್ದ ನೀರನ್ನೇ ನೆಪ ಮಾಡಿ ಅವಳನ್ನು ಆ ಮನೆಯಿಂದ ಎಬ್ಬಿಸಲು ನನ್ನಿಂದಾಗಲಿಲ್ಲ, ಲಾಯ್ಡ್. ವಿಷಯ ತಿಳಿದು ಮೆಲಿಸ್ಸಾ ನನ್ನ ಜೊತೆ ಮಾತು ಬಿಟ್ಟಳು.

ನೀರು ಬಸಿದೆವು, ಒಳಗೆಲ್ಲ ತೊಳೆದೆವು. ಹೊಸ ಕೂಲಂಟ್ ತುಂಬಿದ್ದು ಶಾಲೆಟ್. "ನೀವೇ ಮಾಡಿ ಕೊಟ್ರೆ ಪ್ರತಿ ಸಲ ನಿಮ್ಮನ್ನೇ ಕರೀಬೇಕಾಗ್ತದೆ. ನನಗೆ ಕಲಿಸಿ" ಎಂದು ನನ್ನ ಕೈಗವಸು ಕಿತ್ತುಕೊಂಡಳು. ಅಲ್ಲಿಂದ ಪ್ರತಿ ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ಬಂದವಳಿಗೆ ನಾನು ಮೇಷ್ಟ್ರು. ಖಾಲಿ ದಾರಿಯ ಮೇಲೆ ಬ್ಲೇಡ್ ಇಳಿಸುವುದು, ಎತ್ತುವುದು, ತಿರುಗಿಸುವುದು. ನೀನು ನೆಟ್ಟ ಸೇಬಿನ ಸಸಿಯೊಂದು ಈ ವಿದ್ಯಾಭ್ಯಾಸದಲ್ಲಿ ಹೋಯಿತು. ನಾನು ಬ್ರೇಕ್ ಎನ್ನುವಷ್ಟರಲ್ಲಿ ಅದರ ಕತೆ ಮುಗಿದಿತ್ತು.

ಜನವರಿ ಹಿಮವಿಲ್ಲದೆ ಕಳೆಯಿತು. ಈ ತಿಂಗಳು ಮಾತ್ರ ಹಿಮ ಸುರಿದೇ ಸುರಿಯಿತು. ಡೌನ್‌ಟೌನ್ ಬೆಲ್ವ್ಯೂನಂಥ ಪೇಟೆಯಲ್ಲೇ ಆಫೀಸುಗಳು ಮುಚ್ಚಿದ್ದವು, ಇನ್ನು ನಿಮ್ಮ ಗುಡ್ಡದ ಪಾಡೇನು? ಅಲ್ಲಿ ಕರೆಂಟ್ ಇಲ್ಲ, ಶಾಲೆಟ್‌ಗೆ ಫೋನ್ ಹೋಗುತ್ತಿಲ್ಲ. ಹೆದ್ದಾರಿ ತೆರೆದ ಕೂಡಲೇ ಜೀವ ಕೈಯಲ್ಲಿ ಹಿಡಿದುಕೊಂಡು ಹೊರಟೆ. ಬುಡದ ತಿರುವಿನಲ್ಲಿ ಮೆಲಿಸ್ಸಾಳ ಕಾರು ನಿಂತಿತ್ತು. ತಾಯಿಯ ಬಟ್ಟೆಬರೆಗೆಂದು ಹಿಂದಿನ ಸೀಟಿನಲ್ಲಿ ಎರಡು ಖಾಲಿ ಸೂಟ್‌ಕೇಸ್. ಎದುರಿಗೆ ದಾರಿಯೇ ಇಲ್ಲ, ಬರೀ ಬಿಳಿ. ಅವಳು ನನ್ನನ್ನು ನೋಡಿ ಮುಖ ತಿರುಗಿಸಿದಳು. ನಾನು ಇವಳ ಮಾತು ಕೇಳಬೇಕಿತ್ತೇನೋ ಎಂದು ಆ ಹೊತ್ತು ನನಗೂ ಅನಿಸಿತು.

ಆಗ ಮೇಲಿನಿಂದ ಡೀಸೆಲ್ ಇಂಜಿನಿನ ಸದ್ದು ಕೇಳಿತು.

ತಿರುವು ದಾಟಿ ಶಾಲೆಟ್ ಬಂದಳು, ನಿನ್ನ ದಪ್ಪ ಜಾಕೆಟ್ ತೊಟ್ಟು, ಹಿಮವನ್ನು ಅಂಚಿಗೆ ತಳ್ಳುತ್ತಾ. ನಮ್ಮನ್ನು ಕಂಡರೂ ಕೈ ಬೀಸಲಿಲ್ಲ. ಕಣ್ಣೆಲ್ಲ ಬ್ಲೇಡಿನ ಮೇಲೆ. "ಮೆಲಿಸ್ಸಾ, ಕಾರು ಸ್ವಲ್ಪ ಹಿಂದೆ ತಗೋ" ಎಂದು ಕೂಗಿ, ರಸ್ತೆಯವರೆಗೂ ದಾರಿ ಬಿಡಿಸಿ, ಟ್ರ್ಯಾಕ್ಟರ್ ತಿರುಗಿಸಿಕೊಂಡು ಹತ್ತತೊಡಗಿದಳು. ಮಗಳು ಕಾರು ಸ್ಟಾರ್ಟ್ ಮಾಡಿ, ತಾಯಿ ಬಿಡಿಸಿದ ದಾರಿಯಲ್ಲಿ ತಾಯಿಯ ಹಿಂದೆಯೇ ಹೋದಳು. ಅವರ ಹಿಂದೆ ನಾನೂ ಹತ್ತಿದೆ. ಮನೆ ತಲುಪಿದ ಮೇಲೂ ಸೂಟ್‌ಕೇಸುಗಳನ್ನು ಅವಳು ಕೆಳಗಿಳಿಸಲೇ ಇಲ್ಲ.

ಇಲ್ಲಿಯ ಚಿಂತೆ ಬಿಡು, ಲಾಯ್ಡ್. ದೇವರು ನಿನ್ನನ್ನು ನೆಮ್ಮದಿಯಲ್ಲಿಟ್ಟಿರಲಿ.

ನಿನ್ನನ್ನು ದಿನವೂ ನೆನೆಯುವ,
ಪುರಂದರ