ರಜೆ ಹಾಕದ ಆ ಮೂರು ವಾರ

ಅಮ್ಮಿ,

ಮನೆಯಲ್ಲಿ ನಾವು ಆಡಿದ್ದೆಲ್ಲ ದಖ್ನಿ ಉರ್ದು. ಆದರೆ ನಿನಗೆ ಸರಾಗವಾಗಿ ಓದಲು ಬರುತ್ತಿದ್ದದ್ದು ಕನ್ನಡ ಒಂದೇ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊನ್ನೆ ಗುರುವಾರ ಆಫೀಸಿನಲ್ಲಿ ನನಗೊಂದು ಪ್ರಶಸ್ತಿ ಕೊಟ್ಟರು. ಇದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ? ಆದರೆ ಪೂರ್ತಿ ಕೇಳು, ಆಮೇಲೆ ಖುಷಿಪಡು.

ನಮ್ಮ ಮ್ಯಾನೇಜರ್ ಸ್ಟೆಫಾನ್ ಬಂದು, "ಶಾಹಿನ್, ಐದು ನಿಮಿಷ ಮೀಟಿಂಗ್ ರೂಮಿಗೆ ಬಾ" ಅಂದ. ನಾನು ಜೋಡಿಸಿದ ವೈರಿನಲ್ಲಿ ಏನೋ ತಪ್ಪು ಸಿಕ್ಕಿದೆ ಅಂದುಕೊಂಡೆ. ಬಾಗಿಲು ತೆಗೆದರೆ ಇಡೀ ವಿಭಾಗವೇ ನಿಂತಿದೆ! ಮೇಜಿನ ಮೇಲೆ ಕೇಕು. ಬಾಹ್ಯಾಕಾಶ ಸಂಸ್ಥೆಯಿಂದ ಬಂದಿದ್ದ ಒಬ್ಬ ಹೆಂಗಸು ನನ್ನ ಕೈಗೆ ಗಾಜಿನ ಫಲಕ ಕೊಟ್ಟರು. ಸ್ಟೆಫಾನ್ ಕಾಗದ ನೋಡಿಕೊಂಡು ಓದಿದ: "ಪರೀಕ್ಷೆಯ ಆ ಮೂರು ವಾರ ಶಾಹಿನ್ ಒಂದೇ ಒಂದು ದಿನವೂ ರಜೆ ಹಾಕಲಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು. ಯಾವ ಮೂರು ವಾರ ಅಂತ ನಿನಗೆ ಗೊತ್ತಾಯಿತಲ್ಲ?

ದೇಶ ಬಿಟ್ಟು ಕಲೋನಿಗೆ ಬಂದು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನು ಫೋನಿನಲ್ಲಿ ಕೇಳಿದ್ದೆ, "ಅಲ್ಲಿ ಏನು ಮಾಡ್ತೀಯೇ?" ಮನುಷ್ಯರನ್ನು ಚಂದ್ರನ ಕಡೆ ಕರೆದೊಯ್ಯುವ ನೌಕೆಗೆ ವೈರುಗಳನ್ನು ಜೋಡಿಸಿ ಪರೀಕ್ಷೆ ಮಾಡ್ತೀನಿ ಅಂದೆ. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಸಗಸೆಯಷ್ಟು ಸ್ಕ್ರೂ ತಿರುಗಿಸಿ ಆಪಾ, ನಾನು, ಅಕ್ಕತಂಗಿಯರಿಬ್ಬರನ್ನೂ ಓದಿಸಿದವಳು ನೀನು. ಸ್ವಲ್ಪ ಹೊತ್ತು ಯೋಚಿಸಿ, "ಅಲ್ಲಿ ಕೆಟ್ಟು ನಿಂತರೆ ರಿಪೇರಿಗೆ ಯಾರು ಹೋಗ್ತಾರೆ?" ಅಂದೆ. ಯಾರೂ ಹೋಗೋಕೆ ಆಗಲ್ಲ ಅಂದೆ ನಾನು. "ಹಾಗಾದ್ರೆ ನೆಟ್ಟಗೆ ನೋಡಿ ಮಾಡು" ಅಂತ ನೀನು ಗದರಿದೆ. ಎಷ್ಟು ನಕ್ಕಿದ್ದೆ ನಾನು ಅವತ್ತು...

ಆಪಾ ಫೋನ್ ಮಾಡಿದ್ದು ಪರೀಕ್ಷೆಯ ಎರಡನೇ ವಾರದಲ್ಲಿ. ಆಸ್ಪತ್ರೆಯ ಕಾರಿಡಾರಿನಿಂದ ಮಾತಾಡುತ್ತಿದ್ದಳು. "ಅಮ್ಮಿಗೆ ಉಸಿರಾಟ ಸರಿಯಿಲ್ಲ. ಅಡ್ಮಿಟ್ ಮಾಡಿದ್ದೀವಿ. ಹೊರಟು ಬಾ."

"ಡಾಕ್ಟರ್ ಏನಂದ್ರು?"

"ಡಾಕ್ಟರ್ ಏನಾದ್ರೂ ಅನ್ನಲಿ. ನಾನು ಹೇಳ್ತಿದೀನಿ, ಬಾ."

ಇನ್ನೊಂದೇ ವಾರ ಆಪಾ, ಅಂದೆ. ರಾಕೆಟ್ ಹಾರುವಾಗ ಎಷ್ಟು ಅಲುಗುತ್ತದೋ ಅಷ್ಟು ಅಲುಗಿಸುವ ಯಂತ್ರದ ಮೇಲೆ ನಮ್ಮ ವೈರುಗಳ ಕಟ್ಟನ್ನು ಇಟ್ಟಿದ್ದರು. ಅಲುಗಿಸಿದಾಗಲೆಲ್ಲ ಒಂದು ವೈರು ಕ್ಷಣಮಾತ್ರ ಸತ್ತು ಮತ್ತೆ ಬದುಕುತ್ತಿತ್ತು. ಅದನ್ನು ಜೋಡಿಸಿದವಳು ನಾನು. ನಾನಲ್ಲದೆ ಇನ್ಯಾರಿಗೂ ಅದರ ತಪ್ಪು ಸಿಗುವುದಿಲ್ಲ ಅಂತ ನಂಬಿದ್ದೆ. ಆಪಾ ಸಿಟ್ಟಿನಲ್ಲಿ ಫೋನನ್ನು ನಿನ್ನ ಕಿವಿಗೆ ಹಿಡಿದಳು. ನೀನು ಉಸಿರು ಎಳೆದುಕೊಳ್ಳುತ್ತಾ, "ಕೆಲಸ ಮುಗಿಸ್ಕೊಂಡೇ ಬಾ" ಅಂದೆ. ಅದು ನಿನ್ನ ಮನಸ್ಸಿನ ಮಾತಾಗಿತ್ತಾ ಅಮ್ಮಿ? ಇಲ್ಲಾ ನನ್ನ ದನಿ ಕೇಳಿಯೇ ಇವಳು ಬರುವುದಿಲ್ಲ ಅಂತ ಗೊತ್ತಾಗಿ, ನನಗೆ ಕಷ್ಟವಾಗದಿರಲಿ ಅಂತ...

ಮುಂದಿನ ಬುಧವಾರ ಮಧ್ಯಾಹ್ನ ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು ಲಾಕರ್ ತೆಗೆದೆ. ಫೋನಿನಲ್ಲಿ ಆಪಾಳ ಹನ್ನೊಂದು ಮಿಸ್ಡ್ ಕಾಲ್. ವಾಪಸ್ ಮಾಡುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ನಿನ್ನ ಜನಾಝಾಕ್ಕೆ ಸಿದ್ಧವಾಗುತ್ತಿತ್ತು, ಸಂಜೆಯ ಅಸರ್ ನಮಾಜಿನ ನಂತರ ದಫನ್. ಕಲೋನಿನಿಂದ ಯಾವ ವಿಮಾನ ಹತ್ತಿದರೆ ಅಷ್ಟರೊಳಗೆ ಮುಟ್ಟುತ್ತಿದ್ದೆ? ಸಂಜೆ ಆಪಾ ಒಂದೇ ಮಾತು ಹೇಳಿದಳು: "ಮಣ್ಣು ಹಾಕಿ ಬಂದರು. ಇನ್ನು ನಿಧಾನವಾಗಿ ಬಾ."

ಮಾರನೆಯ ದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋದೆ. ಯಾರಿಗೂ ಹೇಳಲಿಲ್ಲ. ಇಲ್ಲಿನ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಅನ್ನಿಸಿತು. ಅವತ್ತೇ ತಪ್ಪು ಸಿಕ್ಕಿತು. ಹೊದಿಕೆಯ ಒಳಗೆ ಕೂದಲಿನಂಥ ಒಂದು ಎಳೆ ತುಂಡಾಗಿತ್ತು. ಬೇರೆ ವೈರು ಹಾಕಿದೆ, ಶುಕ್ರವಾರ ಪರೀಕ್ಷೆ ಪಾಸಾಯಿತು. ಆಮೇಲೆ ಊರಿಗೆ ಬಂದೆ. ಆಪಾ ಊಟ ಬಡಿಸಿದಳು, ಹಾಸಿಗೆ ಹಾಸಿಕೊಟ್ಟಳು. ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ. ಹತ್ತು ದಿನ ಇದ್ದು ಬಂದುಬಿಟ್ಟೆ.

ಮೊನ್ನೆ ಎಲ್ಲರೂ ಕೇಕು ತಿನ್ನುತ್ತಿದ್ದಾಗ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಸ್ಟೆಫಾನ್ ಬಂದು, "ಖುಷಿ ಆಗಲಿಲ್ವಾ?" ಅಂದ. ಹೇಳಿಬಿಟ್ಟೆ ಅಮ್ಮಿ. ಹತ್ತಿರ ಹತ್ತಿರ ಒಂದು ವರ್ಷದ ಮೇಲೆ, ಮೊದಲ ಸಲ. ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

"ಯಾಕೆ ಹೇಳಲಿಲ್ಲ ಶಾಹಿನ್? ಪರೀಕ್ಷೇನ ಒಂದೆರಡು ವಾರ ಮುಂದಕ್ಕೆ ಹಾಕಬಹುದಿತ್ತು. ಅಂಥ ಅವಸರ ಏನೂ ಇರಲಿಲ್ಲ. ನೌಕೆ ಹೊರಡೋದಕ್ಕೇ ಇನ್ನೂ..." ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಆದರೆ ಇಷ್ಟು ದಿನ ಆಫೀಸಿನವರು ಬಿಡುತ್ತಿರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬದುಕಿದ್ದೆ. ನನ್ನನ್ನು ಯಾರೂ ಹಿಡಿದಿಟ್ಟಿರಲಿಲ್ಲ. ನಾನು ಕೇಳಲೇ ಇಲ್ಲ. ಯಾಕೆ ಕೇಳಲಿಲ್ಲ? ನಾನಿಲ್ಲದೆಯೂ ಕೆಲಸ ನಡೆಯುತ್ತದೆ ಅಂತ ಅವರ ಬಾಯಿಂದ ಕೇಳಲು ಹೆದರಿದೆನಾ?

ನಿನ್ನೆ ಆಪಾಗೆ ಫೋನ್ ಮಾಡಿದೆ. ಪ್ರಶಸ್ತಿಯ ಮಾತು ಎತ್ತಲಿಲ್ಲ. "ನಾನು ಬರಬಹುದಿತ್ತು ಆಪಾ. ರಜೆ ಕೇಳಿದ್ರೆ ಕೊಡ್ತಿದ್ರು. ನಾನೇ ಕೇಳಲಿಲ್ಲ" ಅಂದೆ.

"ನಂಗೆ ಅವತ್ತೇ ಗೊತ್ತಿತ್ತು" ಅಂದಳು. "ನಿನ್ನ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ." ಆಮೇಲೆ ಅವಳೇ ಮುಂದುವರಿಸಿದಳು. "ಕೊನೇ ದಿನ ಅಮ್ಮಿ ಎರಡು ಸಲ ಬಾಗಿಲ ಕಡೆ ನೋಡಿದಳು. ಇದನ್ನ ನಿಂಗೆ ಹೇಳಬಾರದು ಅಂತಿದ್ದೆ."

ಇಬ್ಬರೂ ಅತ್ತೆವು ಅಮ್ಮಿ. ನೀನು ಹೋದಾಗಿನಿಂದ ಒಟ್ಟಿಗೆ ಅತ್ತಿರಲೇ ಇಲ್ಲ.

ನಮ್ಮೂರ ಖಬ್ರಸ್ತಾನದೊಳಗೆ ಹೆಂಗಸರನ್ನು ಬಿಡುವುದಿಲ್ಲವಲ್ಲ. ಆಪಾ ಪ್ರತಿ ಶುಕ್ರವಾರ ಕಾಂಪೌಂಡಿನ ಹೊರಗೆ ನಿಂತು ನಿನಗಾಗಿ ಫಾತಿಹಾ ಓದುತ್ತಾಳಂತೆ. ನನಗೆ ಅದೂ ಗೊತ್ತಿರಲಿಲ್ಲ. ಫೋನ್ ಇಡುವ ಮುಂಚೆ ಅವಳೇ ಅಂದಳು, "ಗೋಡೆಯ ಯಾವ ಜಾಗದಲ್ಲಿ ನಿಂತರೆ ಅಮ್ಮಿ ಹತ್ತಿರ ಅಂತ ನಂಗೆ ಗೊತ್ತು. ಬಾ, ತೋರಿಸ್ತೀನಿ."

ಇವತ್ತು ಬೆಳಿಗ್ಗೆ ರಜೆ ಕೇಳಿದೆ. ಕೊಟ್ಟರು. ಮುಂದಿನ ಶುಕ್ರವಾರ ಗೋಡೆಯ ಈಚೆ ನಾವಿಬ್ಬರೂ ಇರುತ್ತೇವೆ.

ನಿನ್ನ ಚಿಕ್ಕವಳು,
ಶಾಹಿನ್